ಮಹಡಿ ಹುಡುಗಿಯ ಒಣಗಿದ ಕೈ

ಮೊದಲು ನೆನಪಾಗುವುದು ಅವಳ ಬಲಗೈ. ಐದು ಬೆರಳಿಗೂ ರಾಗಿಮುದ್ದೆ ಮೆತ್ತಿಕೊಂಡು, ಅಂಗೈಯಿಂದ ಇಳಿದ ಸಾರು ಮಣಿಕಟ್ಟಿನವರೆಗೆ ಗೆರೆ ಕಟ್ಟಿ, ಕೈ ಪೂರ್ತಿ ಬೂದುಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿರುತ್ತಿತ್ತು. ಎಡಗೈಯಲ್ಲಿ ಫೋನು. ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಅರ್ಧ ಮುದ್ದೆ. ಆ ಬಲಗೈಯನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ಮೈಯಿಂದ ದೂರ ಹಿಡಿದುಕೊಂಡು, ನನ್ನ ಮನೆಯ ಹೊರಗಿನ ಮೆಟ್ಟಿಲ ಮೇಲೆ ಕೂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು.

ಎಂಜಲು ಕೈ ಒಣಗಿಸಬಾರದು. ನಾನು ಹುಟ್ಟಿದ ಹಾಗಲವಾಡಿ ಕಡೆ ಇದನ್ನು ಮಕ್ಕಳಿಗೆ ಮಾತು ಬರುವ ಮೊದಲೇ ಹೇಳಿಕೊಡುತ್ತಾರೆ. ಉಣ್ಣುವುದಾದರೆ ಉಣ್ಣಬೇಕು, ಆಯಿತು ಅಂದರೆ ಎದ್ದು ಕೈ ತೊಳೆಯಬೇಕು. ಕೈ ಒಣಗಿಸಿಕೊಂಡು ಕೂತವಳಿಗೆ ಏಳಿಗೆಯಿಲ್ಲ ಅಂತ ನಮ್ಮವ್ವ ಬೈಯುತ್ತಿದ್ದಳು. ಏಳಿಗೆಯ ವಿಷಯ ನನಗೆ ಗೊತ್ತಿಲ್ಲ. ನಾನು ಜನ್ಮದಲ್ಲಿ ಕಾಣದಷ್ಟು ಸಂಬಳ ಈ ಹುಡುಗಿಗೆ ತಿಂಗಳು ತಿಂಗಳು ಬರುತ್ತಿತ್ತು. ಆದರೂ ಆ ಕೈ ನೋಡಿದಾಗಲೆಲ್ಲ ನಾನು ಒಂದು ಚೊಂಬು ನೀರು ತಂದು ಕೆಳಗಿನ ಮೆಟ್ಟಿಲ ಮೇಲೆ ಇಡುತ್ತಿದ್ದೆ.

ಅವಳು ನಮ್ಮ ಮಹಡಿಯ ಬಾಡಿಗೆಯವಳು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದು ಸಣ್ಣ ಮನೆ. ಕೆಳಗೆ ನಾನು, ಮೇಲೆ ಒಂದು ರೂಮು, ಅದಕ್ಕೆ ಹೊರಗಿನಿಂದ ಮೆಟ್ಟಿಲು. ಗಂಡ ಸತ್ತ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಕಟ್ಟಿಸಿದ ಮನೆ ಇದು. ಮಕ್ಕಳಾಗಲಿಲ್ಲ. ಮೇಲಿನ ರೂಮಿಗೆ ನರ್ಸುಗಳು ಬಂದು ಹೋಗಿದ್ದರು, ಟೀಚರುಗಳು ಬಂದು ಹೋಗಿದ್ದರು. ಇವಳು ಕಾರಿನಲ್ಲಿ ಬಂದು ಇಳಿದಳು. ಒಂದು ಸೂಟ್‌ಕೇಸು, ಆಫೀಸಿನಲ್ಲಿ ಇರುವಂಥ ಒಂದು ಚಕ್ರದ ಕುರ್ಚಿ. ಮಂಚಕ್ಕಿಂತ ಮೊದಲು ಆ ಕುರ್ಚಿ ಮೇಲಕ್ಕೆ ಹೋಯಿತು. ಮೂವತ್ತು ದಾಟಿದ ಹೆಂಗಸು, ಆದರೂ ಬೀದಿಯಲ್ಲಿ ಎಲ್ಲರೂ ಮಹಡಿ ಹುಡುಗಿ ಅಂತಲೇ ಕರೆದರು, ನಾನೂ ಹಾಗೇ ಕರೆದೆ.

ಕಂಪನಿಯವರು ಒಳ್ಳೆ ಹೋಟೆಲಿನಲ್ಲಿ ಇಡುತ್ತೇವೆ ಅಂದಿದ್ದರಂತೆ. ಹೋಟೆಲು ಸಾಕಾಗಿದೆ, ಮನೆ ಊಟ ಸಿಗುವ ಜಾಗ ಬೇಕು ಅಂತ ಹುಡುಕಿಕೊಂಡು ಬಂದಿದ್ದಳು. ಊಟ ಹಾಕುತ್ತೀರಾ ಅಂತ ಕೇಳಿದಳು. ಹಾಕುತ್ತೇನೆ, ನಾನು ಮಾಡಿದ್ದನ್ನು ನೀನು ತಿನ್ನಬೇಕು, ನೀನು ಕೇಳಿದ್ದನ್ನು ನಾನು ಮಾಡುವುದಿಲ್ಲ ಅಂದೆ. ಅದಕ್ಕೆ ನಕ್ಕು, ಅಡ್ವಾನ್ಸ್ ಎಷ್ಟು ಅಂದಳು.

ಏನು ಕೆಲಸ ನಿಂದು ಅಂತ ವಿಚಾರಿಸಿದೆ. ಊರಾಚೆ ಒಂದು ಫ್ಯಾಕ್ಟರಿ ಸರಿಯಾಗಿ ನಡೆಯುತ್ತಿಲ್ಲ, ಎಲ್ಲಿ ಕೆಟ್ಟಿದೆ, ಹೇಗೆ ಸರಿಮಾಡಬೇಕು ಅಂತ ನೋಡಿ ಹೇಳುವ ಕಂಪನಿ ತನ್ನದು, ಆ ಫ್ಯಾಕ್ಟರಿ ಮುಗಿದರೆ ಇನ್ನೊಂದು, ಅದಾದ ಮೇಲೆ ಮತ್ತೊಂದು ಅಂತ ವಿವರಿಸಿದಳು.

"ಅಂದ್ರೆ ಸೀಮಂತಕ್ಕೆ ಬಂದ ದೊಡ್ಡತ್ತೆ ಥರ ಅನ್ನು," ಅಂದೆ. "ಬರ್ತೀಯ, ಅಡುಗೆಮನೆ ಇಣುಕ್ತೀಯ, ಸಾರಿಗೆ ಉಪ್ಪು ಜಾಸ್ತಿ ಅಂತೀಯ, ಹೊರಟೋಗ್ತೀಯ."

"ದೊಡ್ಡತ್ತೆಗೆ ಯಾರೂ ದುಡ್ಡು ಕೊಡಲ್ಲ ಅಜ್ಜಿ. ನಮ್ಗೆ ಕೊಡ್ತಾರೆ, ಅಷ್ಟೇ ವ್ಯತ್ಯಾಸ," ಅಂದಳು. ಈ ಮಾತನ್ನು ಆಮೇಲೆ ತನ್ನ ಆಫೀಸಿನಲ್ಲೂ ಹೇಳಿದಳಂತೆ. ಯಾರೂ ನಗಲಿಲ್ಲವಂತೆ.

ಆ ದುಡ್ಡಿಗೆ ಅವಳು ಏನು ಕೊಡುತ್ತಿದ್ದಳು ಅನ್ನುವುದು ನನ್ನ ತಲೆಯ ಮೇಲೇ ಕೇಳಿಸುತ್ತಿತ್ತು. ಚಕ್ರದ ಕುರ್ಚಿ ಮೇಜಿನ ಹತ್ತಿರಕ್ಕೆ ಉರುಳಿದರೆ ಒಂದು ಸದ್ದು, ಹಿಂದಕ್ಕೆ ಉರುಳಿದರೆ ಇನ್ನೊಂದು. ನಾನು ಮಲಗುವಾಗ ಉರುಳುತ್ತಿತ್ತು, ಬಾಗಿಲಿಗೆ ನೀರು ಹಾಕಲು ಎದ್ದಾಗ ಉರುಳುತ್ತಿತ್ತು. ನಡುವೆ ಅವಳು ಯಾವಾಗ ಮಲಗಿದಳೋ ನನಗೆ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಫ್ಯಾಕ್ಟರಿಗೆ ಹೋಗುವಳು, ಮಧ್ಯಾಹ್ನ ಊಟಕ್ಕೆ ಬರುವಳು, ಸಂಜೆ ಎಲ್ಲರ ಕೆಲಸ ಮುಗಿದ ಮೇಲೆ ಅವಳ ನಿಜವಾದ ಕೆಲಸ ಶುರು. ಹಗಲು ನೋಡಿದ್ದನ್ನೆಲ್ಲ ಚಿತ್ರ ಮಾಡಿ ಬೆಂಗಳೂರಿಗೆ, ಮುಂಬೈಗೆ ಕಳಿಸಬೇಕು, ಅವರು ತಿದ್ದಿ ವಾಪಸು ಕಳಿಸುತ್ತಾರೆ, ಇವಳು ಮತ್ತೆ ಮಾಡಬೇಕು. ಒಂದು ಗೆರೆಯ ಬಣ್ಣ ಸರಿಯಿಲ್ಲ ಅಂತ ಒಬ್ಬಳೇ ಗೊಣಗುತ್ತಾ ಮೆಟ್ಟಿಲಲ್ಲಿ ಕೂತಿದ್ದನ್ನು ಕಂಡಿದ್ದೇನೆ.

ಗಂಟೆ ಲೆಕ್ಕ ಹಾಕಿ ಭಾಗ ಮಾಡಿದರೆ ತನ್ನ ಸಂಬಳ ಅಷ್ಟೇನೂ ದೊಡ್ಡದಲ್ಲ ಅಂತ ಒಂದು ದಿನ ಅವಳೇ ಅಂದಳು. ಹಾಗಾದರೆ ಭಾಗ ಮಾಡಬೇಡ ಬುಡು ಅಂದೆ.

ಆಗ ಅವಳ ಎಡಗಣ್ಣಿನ ಕೆಳರೆಪ್ಪೆ ಅದುರಲು ಶುರುವಾಗಿತ್ತು. ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಮದುವೆ ಗೊತ್ತಾಗುತ್ತದೆ ಅಂತ ಪಕ್ಕದ ಮನೆಯವಳು ಖುಷಿಪಟ್ಟಳು. ಪ್ರಮೋಷನ್ ಬರುತ್ತದೆ ಬಿಡಿ ಅಂತ ಇವಳು. ನಾನು ಹಾಸ್ಟೆಲಿನಲ್ಲಿ ಪರೀಕ್ಷೆ ಕಾಲದ ಹುಡುಗಿಯರ ಕಣ್ಣು ವರ್ಷ ವರ್ಷ ನೋಡಿದವಳು. ಅದು ನಿದ್ದೆಗೆಟ್ಟ ಕಣ್ಣು. ಎರಡು ದಿನಕ್ಕೆ ನಿಲ್ಲಬೇಕು. ಇವಳದು ಮಳೆಗಾಲ ಮುಗಿದು ಚಳಿಗಾಲ ಬಂದರೂ ನಿಲ್ಲಲಿಲ್ಲ.

ಹೊರಗಿನ ಮೆಟ್ಟಿಲಿನ ಮಧ್ಯದಲ್ಲಿ ಅವಳಿಗೆ ಫೋನು ಚೆನ್ನಾಗಿ ಸಿಗುತ್ತಿತ್ತು. ಮೇಲೂ ಅಲ್ಲ ಕೆಳಗೂ ಅಲ್ಲ ಅನ್ನುವ ಹಾಗೆ ಅಲ್ಲೇ ಕೂರುವಳು. ಯಾರು ಹೊರಗೆ ಹಾಕಿದರು ನಿನ್ನ, ಮೇಲೆ ಹೋಗು, ಇಲ್ಲಾ ಕೆಳಗೆ ಬಾ ಅಂತ ಬೈದಿದ್ದೆ. ಅದಕ್ಕೆ ಅವಳು ತಮ್ಮ ಕಂಪನಿಯಲ್ಲೂ ಹೀಗೇ ಹೇಳುತ್ತಾರೆ ಅಂದಳು. ಎರಡು ಮೂರು ವರ್ಷಕ್ಕೊಂದು ಮೆಟ್ಟಿಲು ಹತ್ತಬೇಕು, ಹತ್ತದವರು ಇಳಿದು ಹೋಗಬೇಕು, ನಿಂತ ಮೆಟ್ಟಿಲಲ್ಲೇ ನಿಲ್ಲುವ ಹಾಗಿಲ್ಲವಂತೆ. ಮುಂದಿನ ಮೆಟ್ಟಿಲಿನ ತೀರ್ಮಾನ ಆ ವರ್ಷವೇ ಆಗಬೇಕಿತ್ತು.

ಇಷ್ಟು ಯಾಕೆ ಬೇಕು ಅಂತ ನಾನು ಕೇಳಲಿಲ್ಲ. ತಾನಾಗಿ ಹೇಳಿದಳು. ಅಪ್ಪ ಬಿಟ್ಟು ಹೋದ ಮೇಲೆ ಅವಳ ತಾಯಿ ಯಡಿಯೂರಿಗೆ ಸ್ವಲ್ಪ ಈಚೆ, ಅಣ್ಣಂದಿರ ಮನೆಯಲ್ಲಿ ಇದ್ದವಳು. ತಲೆಗೆ ಎಣ್ಣೆ ಬೇಕಾದರೂ ಅತ್ತಿಗೆಯನ್ನು ಕೇಳಬೇಕು. ಮಗಳು ಸ್ಕೂಲಿಗೆ ಹೋಗುವಾಗ ತಾಯಿ ಹೀಗೆ ಕೇಳುವುದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಬೆಳೆದಳು. ಈಗ ಅದೇ ಊರಲ್ಲಿ ತಾಯಿಯ ಹೆಸರಿಗೆ ಮನೆ ಕಟ್ಟಿಸುತ್ತಿದ್ದಳು. ಪಾಯ ಎದ್ದಿತ್ತು, ಗೋಡೆ ಎದ್ದಿತ್ತು, ತಾರಸಿ ಬಾಕಿ. ಕುಣಿಗಲ್ ದಾರಿಯಲ್ಲಿ ಹೋಗಿಬರಲು ಹತ್ತಿರ ಅಂತಲೇ ತುಮಕೂರಿನ ಕೆಲಸ ಕೇಳಿ ಹಾಕಿಸಿಕೊಂಡಿದ್ದಳು. ಆದರೂ ಹೋಗಲು ಪುರುಸೊತ್ತಿರಲಿಲ್ಲ. ಮೇಸ್ತ್ರಿ ಗೋಡೆಯ ಫೋಟೋ ಕಳಿಸುವನು, ಇವಳು ಫೋನಿನಲ್ಲೇ ಗೋಡೆ ನೋಡುವಳು.

ಅವಳನ್ನು ಊಟಕ್ಕೆ ಕೂರಿಸುವುದೇ ನನಗೊಂದು ಕೆಲಸವಾಯಿತು. ಬಾಯಿಗೆ ಇಡುವಷ್ಟರಲ್ಲಿ ಫೋನು. ಏಳುವಳು, ಮೆಟ್ಟಿಲಿಗೆ ಹೋಗುವಳು, ಕೈ ಒಣಗುವುದು. ತಿನ್ನೇ, ತಿಂದು ಹೋಗೇ ಅಂತ ನಾನು ಒಲೆಯ ಹತ್ತಿರದಿಂದ ಕೂಗುವೆ. ಒಂದು ದಿನ ತಿರುಗಿ ನಿಂತಳು.

"ನಂಗೆ ಹೇಳ್ತೀರಲ್ಲ ಅಜ್ಜಿ, ನೀವು ಕೂತು ಊಟ ಮಾಡಿದ್ದು ನಾನು ಒಂದಿನಾನೂ ನೋಡಿಲ್ಲ. ಯಾವಾಗ್ಲೂ ನಿಂತ್ಕೊಂಡೇ ತಿಂತೀರ."

ನಿಜ. ನನಗೇ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅಷ್ಟು ಹುಡುಗಿಯರಿಗೆ ಬಡಿಸಿ, ಪಾತ್ರೆ ತಳದ್ದನ್ನು ಕಟ್ಟೆಯ ಮೇಲೇ ಇಟ್ಟುಕೊಂಡು ನಿಂತೇ ತಿಂದು ಮುಗಿಸಿ ಅಭ್ಯಾಸ. ಅಲ್ಲಿಂದ ಬಿಟ್ಟ ಮೇಲೂ ಹಾಗೇ ತಿನ್ನುತ್ತಿದ್ದೆ. ಯಾರೂ ಹೇಳುವವರಿರಲಿಲ್ಲ. ನನ್ನ ಮಂಡಿಗೆ ನೆಲ ಆಗುವುದಿಲ್ಲ ಅಂದೆ. ಅವಳು ಪ್ಲಾಸ್ಟಿಕ್ ಸ್ಟೂಲು ಎಳೆದು ತನ್ನ ಎದುರಿಗೆ ಇಟ್ಟು, ನೀವು ಕೂತರೆ ನಾನೂ ಕೂರುತ್ತೇನೆ ಅಂತ ಹಟ ಹಿಡಿದಳು. ಅವತ್ತಿನಿಂದ ನಾನು ಕೂತೆ. ಅವಳು ಮಾತ್ರ ಎದ್ದು ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ನನ್ನ ಬಾಯಿಯಿಂದ ಒಂದು ಯಡವಟ್ಟು ಆಯಿತು. ಅವತ್ತು ಮಧ್ಯಾಹ್ನ ಅವಳಿಗೆ ದೊಡ್ಡ ಮೀಟಿಂಗು. ಫ್ಯಾಕ್ಟರಿ ಯಜಮಾನರು, ಅವರ ಕಡೆಯವರು, ಮುಂಬೈಯಿಂದ ಅವಳ ಬಾಸು, ಎಲ್ಲರೂ ಲ್ಯಾಪ್‌ಟಾಪಿನ ಒಳಗೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಅಡುಗೆ ಕಟ್ಟೆಯ ಮೇಲಿಟ್ಟು, ನನ್ನ ಸರದಿ ಬರಲು ಇನ್ನೂ ಹೊತ್ತಿದೆ, ಬಡಿಸಿಬಿಡಿ ಅಂದಳು. ಬಸ್ಸಾರು ಮಾಡಿದ್ದೆ. ಎರಡು ತುತ್ತು ಇಳಿದಿರಬೇಕು, ಯಾರೋ ಅವಳ ಹೆಸರು ಹಿಡಿದು ಕರೆದರು. ಬಲಗೈಯೆಲ್ಲ ಸಾರು. ಎಡಗೈ ಕಿರುಬೆರಳಲ್ಲಿ ಏನೋ ಒತ್ತಿ ಉತ್ತರ ಕೊಟ್ಟಳು, ಮತ್ತೆ ಒತ್ತಿದಳು, ತಟ್ಟೆಗೆ ಕೈ ಹಾಕಿದಳು. ಮತ್ತೆ ಕರೆದರು. ಮತ್ತೆ ಒತ್ತಿದಳು. ಮೂರನೇ ಸಲಕ್ಕೆ ನನಗೆ ತಡೆಯಲಿಲ್ಲ.

"ತಿಂದು ಸಾಯಿ ಮೊದ್ಲು," ಅಂದೆ. "ಆ ಬಡ್ಡೀಮಕ್ಕಳಿಗೇನು, ಹೊಟ್ಟೆ ತುಂಬಿಸ್ಕೊಂಡು ಕೂತವ್ರೆ. ಅವ್ರ ಫ್ಯಾಕ್ಟ್ರಿ ಏನು ನೀನು ಎರಡು ತುತ್ತು ತಿನ್ನೋದ್ರೊಳಗೆ ಮುಳುಗೋಗ್ತದಾ?"

ನಾನು ಮಾತಾಡಿದ್ದು ಒಳಗಿದ್ದವರಿಗೆ ಕೇಳಬಾರದಿತ್ತು. ಅದಕ್ಕೇ ಅವಳು ಕಿರುಬೆರಳಲ್ಲಿ ಒತ್ತಿ ಮೈಕು ಆರಿಸುತ್ತಿದ್ದದ್ದು. ಬೆರಳು ಸರಿಯಾಗಿ ತಾಗಿರಲಿಲ್ಲ. ಹುಡುಗಿಯ ಮುಖ ಸುಣ್ಣ ಬಳಿದ ಹಾಗಾಯಿತು. ಆಮೇಲೆ ಒಳಗಿನಿಂದ ಒಬ್ಬರು ಕನ್ನಡದಲ್ಲಿ ಮಾತಾಡಿದರು. ಫ್ಯಾಕ್ಟರಿ ಯಜಮಾನರ ಧ್ವನಿ ಅದು.

"ಅಮ್ಮ ಹೇಳೋದು ಸರಿಯಾಗೈತೆ. ಊಟ ಮಾಡವ್ವ ನೀನು. ಈ ಫ್ಯಾಕ್ಟ್ರಿ ನಮ್ಮಪ್ಪನ ಕಾಲದಿಂದ ಮುಳುಗ್ತಾನೇ ಐತೆ, ಇನ್ನೂ ಕಾಲು ಗಂಟೆ ತೇಲ್ತದೆ."

ಯಜಮಾನರ ಕಡೆಯವರು ನಕ್ಕರು. ಕನ್ನಡ ಬಾರದ ಬಾಸು ಏನಾಯಿತು ಏನಾಯಿತು ಅಂತ ಕೇಳುತ್ತಿದ್ದ. ಅವನಿಗೆ ಆಮೇಲೆ ಯಾರೋ ಅರ್ಥ ಮಾಡಿ ಹೇಳಿದರು. ಸಂಜೆ ಅವಳಿಗೆ ಅವನ ಫೋನು ಬಂತು. ಕ್ಲೈಂಟಿನ ಎದುರು ಹೀಗಾಗಬಾರದಿತ್ತು, ಮೇಲಿನ ಮೆಟ್ಟಿಲಿಗೆ ಹೆಸರು ಹೋಗಿರುವ ಹೊತ್ತಿನಲ್ಲಿ ಇಂಥದ್ದನ್ನು ಜನ ಮರೆಯುವುದಿಲ್ಲ ಅಂದನಂತೆ. ಎಷ್ಟೋ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಊಟದ ತಟ್ಟೆಯನ್ನು ಮೇಲಕ್ಕೆ ಒಯ್ದಳು. ನಾನು ಹೇಳಿದ್ದು ತಪ್ಪು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಒಂದು ಮಾತಿಗೆ ಆ ತಾಯಿಯ ತಾರಸಿ ನಿಂತುಹೋದರೆ ಏನು ಗತಿ ಅನ್ನುವ ಭಯ ಮಾತ್ರ ನನ್ನನ್ನು ಬಿಡಲಿಲ್ಲ. ಮೇಲೆ ಚಕ್ರ ಮೊದಲಿಗಿಂತ ಜಾಸ್ತಿ ಉರುಳುತ್ತಿತ್ತು.

ಆಮೇಲೆ ಒಂದು ಭಾನುವಾರ ಅವಳೇ ಇಳಿದು ಬಂದು ಎದುರಿಗೆ ಕೂತಳು. ಫ್ಯಾಕ್ಟರಿ ಯಜಮಾನರು ಕರೆದು ಮಾತಾಡಿದ್ದರಂತೆ. ಸಲಹೆ ಕೊಟ್ಟು ಹೋಗುವವರು ಬಹಳ ಜನ ಬಂದಿದ್ದಾರೆ, ನೀನು ಇಲ್ಲೇ ಉಳಿದು ಮಾಡಿಸು, ಐದೂವರೆಗೆ ಫ್ಯಾಕ್ಟರಿ ಗಂಟೆ ಹೊಡೆಯುತ್ತದೆ, ಆಮೇಲೆ ನಿನಗೆ ಯಾರೂ ಫೋನು ಮಾಡದ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂದಿದ್ದರು. ಸಂಬಳ ಈಗಿನ ಅರ್ಧಕ್ಕೂ ಸ್ವಲ್ಪ ಕಡಿಮೆ.

"ನೀವಾಗಿದ್ರೆ ಏನ್ಮಾಡ್ತಿದ್ರಿ ಅಜ್ಜಿ?" ಅಂತ ಕೇಳಿದಳು.

ನಾನು ಸುಳ್ಳು ಹೇಳಲಿಲ್ಲ. ಹಾಸ್ಟೆಲಿನಲ್ಲಿ ನನಗೂ ಒಮ್ಮೆ ಕೇಳಿದ್ದರು. ಒಲೆ ಮುಂದೆ ನಿಲ್ಲುವುದು ಬೇಡ, ಸ್ಟೋರು ರೂಮು ನೋಡಿಕೋ, ಹಗುರದ ಕೆಲಸ, ಸಂಬಳ ಮಾತ್ರ ಕಡಿಮೆ ಅಂತ. ಆಗ ಈ ಮನೆಯ ಗೋಡೆ ಏಳುತ್ತಿತ್ತು. ನಾನು ಒಲೆ ಬಿಡಲಿಲ್ಲ.

"ಮಂಡಿ ಹೋಯ್ತು, ಗೋಡೆ ನಿಂತದೆ," ಅಂದೆ. "ನೀನು ಮಲಗ್ತಿರೋದು ಆ ಗೋಡೆ ಮಧ್ಯದಲ್ಲೇ. ನಾನು ಮಾಡಿದ್ದು ಸರಿ ಅಂತ್ಲೂ ಹೇಳಲ್ಲ, ತಪ್ಪು ಅಂತ್ಲೂ ಹೇಳಲ್ಲ. ನನ್ನ ಕೇಳಬೇಡ ಕಣೇ."

ಅವಳು ನನ್ನ ಮಂಡಿ ನೋಡಿದಳು. ಮನೆಯ ತಾರಸಿಗೆ ಕಾಂಕ್ರೀಟು ಬೀಳುವ ತನಕ ಈ ಕಂಪನಿಯಲ್ಲೇ ಇರುತ್ತೇನೆ, ಆಮೇಲೆ ಬಿಡುತ್ತೇನೆ ಅಂದಳು. ಯಜಮಾನರಿಗೂ ಹಾಗೇ ತಿಳಿಸಿದಳು. ಕುರ್ಚಿ ಖಾಲಿ ಇಟ್ಟಿರುತ್ತೇನೆ, ಎಷ್ಟು ದಿನ ಅಂತ ಮಾತ್ರ ಕೇಳಬೇಡ ಅಂದರಂತೆ ಅವರು.

ಅಲ್ಲಿಂದ ಮುಂದಕ್ಕೆ ನನಗೆ ಬೇರೆ ಯೋಚನೆ ಇರಲಿಲ್ಲ. ತಾರಸಿ ಮೊದಲು ಬೀಳುತ್ತದೋ, ಇವಳು ಮೊದಲು ಬೀಳುತ್ತಾಳೋ.

ಇವಳೇ ಮೊದಲು ಬಿದ್ದಳು. ಒಂದು ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕಿದೆ, ಕಾಫಿ ಕಾಸಿದೆ, ಮೇಲೆ ಸದ್ದಿಲ್ಲ. ಮಲಗಿರಬೇಕು, ಒಳ್ಳೆಯದೇ ಆಯಿತು ಅಂದುಕೊಂಡೆ. ಹಾಲಿನವನು ಬಂದು ಹೋದ. ಆಗಲೂ ಸದ್ದಿಲ್ಲ. ಅಷ್ಟು ದಿನ ಆ ಚಕ್ರ ಉರುಳಿದರೆ ಸಂಕಟಪಡುತ್ತಿದ್ದವಳಿಗೆ ಅವತ್ತು ಅದು ಉರುಳದೆ ಕೆಳಗೆ ಕೂರಲಾಗಲಿಲ್ಲ. ಮೆಟ್ಟಿಲು ಹತ್ತಿ ವರ್ಷಗಳಾಗಿತ್ತು. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ ಹತ್ತಿದೆ.

ಬಾಗಿಲು ತೆಗೆದಿತ್ತು. ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಎಚ್ಚರವಿತ್ತು, ಕಣ್ಣು ಬಿಟ್ಟಿದ್ದಳು, ಆದರೆ ಎದ್ದೇಳಲು ಕಾಲು ಬರುತ್ತಿರಲಿಲ್ಲ. ಮೇಜಿನ ಮೇಲಿನ ಲ್ಯಾಪ್‌ಟಾಪಿನಿಂದ ಯಾರೋ ಹಲೋ, ಹಲೋ, ಇದ್ದೀರಾ ಅಂತ ಇಂಗ್ಲಿಷಿನಲ್ಲಿ ಕರೆಯುತ್ತಿದ್ದರು. ನನ್ನನ್ನು ನೋಡಿ ತುಟಿ ಅಲ್ಲಾಡಿಸಿದಳು. ನೀರು ಕೇಳುತ್ತಾಳೆ ಅಂತ ಬಗ್ಗಿದೆ.

"ಅಜ್ಜಿ, ನನ್ನ ಹೆಸರಿನ ಪಕ್ಕ ಚುಕ್ಕೆ ಹಸಿರಾಗೇ ಇದೆಯಾ ನೋಡಿ," ಅಂದಳು.

ಅವಳು ಕೆಲಸದಲ್ಲಿದ್ದಾಳೆ ಅಂತ ಎಲ್ಲರಿಗೂ ತೋರಿಸುವ ಚುಕ್ಕೆಯಂತೆ ಅದು. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಹಳದಿಯಾಗುತ್ತದಂತೆ. ನನಗೆ ಯಾವುದು ಹೆಸರು, ಯಾವುದು ಚುಕ್ಕೆ ಗೊತ್ತಾಗಲಿಲ್ಲ. ಎಲ್ಲಾ ಬಣ್ಣವೂ ಇತ್ತು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಬಿಟ್ಟೆ. ಒಳಗಿನ ಧ್ವನಿ ನಿಂತಿತು. ಪಕ್ಕದ ಮನೆಯವಳನ್ನು ಕೂಗಿ, ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬಿ.ಪಿ. ನೋಡಿ, ಇದು ಈ ಅಜ್ಜಿ ವಯಸ್ಸಿನವರಿಗೆ ಇರಬೇಕಾದ್ದು ಅಂತ ನನ್ನ ಕಡೆ ಕೈ ತೋರಿಸಿದರು. ವಾರ ಪೂರ್ತಿ ಹಾಸಿಗೆ ಬಿಟ್ಟು ಏಳಬೇಡ ಅಂದರು. ಎರಡನೇ ದಿನವೇ ಮೇಲೆ ಚಕ್ರ ಉರುಳಿತು. ನನಗೆ ಸಿಟ್ಟು ಬಂತೋ ಸಮಾಧಾನವಾಯಿತೋ ಹೇಳಲು ಬರುವುದಿಲ್ಲ.

ತಾರಸಿ ಬಿತ್ತು. ಬಾಗಿಲು ಕಿಟಕಿ ಆದವು, ಬಣ್ಣವೂ ಆಯಿತು. ಗೃಹಪ್ರವೇಶಕ್ಕೆ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಕುಣಿಗಲ್ ದಾಟುವ ತನಕ ಫೋನಿನಲ್ಲಿ ಮಾತಾಡಿದಳು. ಆಮೇಲೆ ಫೋನನ್ನು ಬ್ಯಾಗಿಗೆ ಹಾಕಿ, ಇವತ್ತು ರಜ ಅಂದಳು.

ಮನೆ ಚೊಕ್ಕಟವಾಗಿತ್ತು. ತಾಯಿ ಸಣಕಲು ಹೆಂಗಸು, ತನ್ನ ಮನೆಯಲ್ಲೇ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಅಡುಗೆಮನೆ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಯಾರೋ ಅರಿಶಿನ ಕುಂಕುಮದ ತಟ್ಟೆ ಎಲ್ಲಿ ಅಂದಾಗ ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆ, ನಿಮ್ಮನೇಲಿ ಎಲ್ಲಿಟ್ಟಿದೀರೋ ನಂಗೇನು ಗೊತ್ತು ಅಂದಳು. ಕೊಂಕಿನಲ್ಲೇ ಅಂದಳು, ಆದರೆ ತಾಯಿಯ ಮುಖ ಅರಳಿತು. ಆ ಮುಖ ನೋಡಿ ನಾನು ಅಂದುಕೊಂಡೆ, ಇಷ್ಟಕ್ಕೇ ಅಲ್ಲವಾ ಈ ಹುಡುಗಿ ಒದ್ದಾಡಿದ್ದು, ಆಯಿತಲ್ಲ, ಇನ್ನು ಬಿಡುತ್ತಾಳೆ. ಫ್ಯಾಕ್ಟರಿ ಯಜಮಾನರೂ ಬಂದಿದ್ದರು. ಮೊದಲ ಪಂಕ್ತಿಯಲ್ಲಿ ಉಂಡು ಹೊರಡುವಾಗ ತಾಯಿಗೆ, ನಿಮ್ಮ ಮಗಳಿಗೆ ಹೇಳಿ, ಕುರ್ಚಿ ಇನ್ನೂ ಖಾಲಿ ಐತೆ ಅಂದರು. ನನಗೂ ಕೈ ಮುಗಿದು, ಬಡ್ಡೀಮಕ್ಕಳಲ್ಲಿ ನಾನೇ ಮೊದಲನೆಯವನು ಅಂತ ಪರಿಚಯ ಹೇಳಿಕೊಂಡರು.

ಮನೆಯವರ ಪಂಕ್ತಿ ಕೊನೆಗೆ. ಟೇಬಲ್ಲಿಗೆ ಪೇಪರು ಹಾಸಿ ಎಲೆ ಹಾಕಿದ್ದರು. ಹುಡುಗಿ ನನಗೂ ತಾಯಿಗೂ ನಡುವೆ ಕೂತಳು. ಆಚೆಗೆ ಸೋದರಮಾವಂದಿರು, ಅವರ ಹೆಂಡತಿಯರು. ಹೋಳಿಗೆ ಬಂತು, ತುಪ್ಪ ಬಂತು. ಅನ್ನಕ್ಕೆ ಸಾರು ಕಲಸಿಕೊಂಡಿದ್ದಳು, ಬ್ಯಾಗಿನೊಳಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ನಿಂತಿತು, ಮತ್ತೆ ಶುರುವಾಯಿತು. ಎಡಗೈಯಲ್ಲಿ ತೆಗೆದು ಹೆಸರು ನೋಡಿದಳು. ಅವಳ ಎಡಗಣ್ಣಿನ ರೆಪ್ಪೆ ಅದುರಿದ್ದನ್ನು ಪಕ್ಕದಿಂದ ಕಂಡೆ.

"ಒಂದೇ ನಿಮಿಷ," ಅಂತ ಎದ್ದು ಅಂಗಳಕ್ಕೆ ಹೋದಳು.

ನಾವು ಮಜ್ಜಿಗೆ ಅನ್ನ ಮುಗಿಸಿದೆವು. ಅವಳು ಬರಲಿಲ್ಲ. ಪಂಕ್ತಿಯಲ್ಲಿ ಒಬ್ಬರು ಉಣ್ಣುವುದು ಬಾಕಿ ಇದ್ದರೆ ಉಳಿದವರು ಏಳುವ ಹಾಗಿಲ್ಲ. ಎಂಜಲು ಕೈ ಒಣಗಿಸುವ ಹಾಗೂ ಇಲ್ಲ. ಎರಡೂ ನಮ್ಮ ಕಡೆಯ ಪದ್ಧತಿಯೇ, ಒಂದಕ್ಕೊಂದು ಎದುರಾಗಿದ್ದನ್ನು ನಾನು ಅವತ್ತೇ ಕಂಡಿದ್ದು. ಕಿಟಕಿಯಿಂದ ಕಾಣುತ್ತಿದ್ದಳು. ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಮರಳಿನ ಗುಡ್ಡೆ ಸುತ್ತ ಸುತ್ತುತ್ತಿದ್ದಳು. ದೊಡ್ಡ ಮಾವ ನಮಗೆ ಹಸು ಕರೆಯೋದೈತಪ್ಪ ಅಂತ ಎದ್ದ. ದೊಡ್ಡ ಕೆಲಸದೋರ ಜೊತೆ ಊಟಕ್ಕೆ ಕೂರಬಾರದು ಅಂತ ಚಿಕ್ಕವನು ಸೇರಿಸಿದ. ಒಬ್ಬೊಬ್ಬರೇ ಎದ್ದು ಕೈ ತೊಳೆದರು. ತಾಯಿ ಏಳಲಿಲ್ಲ. ಬರ್ತಾಳೆ ಅಂದಳು, ಯಾರೂ ಕೇಳದಿದ್ದರೂ. ಅವಳ ಕೈಯ ಮೇಲಿನ ಮಜ್ಜಿಗೆ ಒಣಗಿ ಬಿಳೀ ಪುಡಿಯಾಯಿತು. ನನ್ನದೂ ಒಣಗಿತು. ಬಡಿಸುವ ಹುಡುಗರು ಪೇಪರು ಸುತ್ತಿಕೊಂಡು ನಮ್ಮ ಹತ್ತಿರಕ್ಕೆ ಬಂದು ನಿಂತರು.

ಬಂದಳು. ಖಾಲಿ ಸಾಲಿನಲ್ಲಿ ನಾವಿಬ್ಬರೇ ಕೂತಿದ್ದನ್ನು ನೋಡಿದಳು, ತಾಯಿಯ ಕೈ ನೋಡಿದಳು, ನನ್ನ ಕೈ ನೋಡಿದಳು. ಕೂತು ಆರಿದ ಅನ್ನವನ್ನು ತಲೆ ಬಗ್ಗಿಸಿಕೊಂಡು ಬೇಗ ಬೇಗ ಉಂಡಳು. ಏನಾಯಿತು ಅಂತ ನಾನೇ ಕೇಳಿದೆ.

ಮೇಲಿನ ಮೆಟ್ಟಿಲು ಸಿಕ್ಕಿತ್ತು. ಮುಂಬೈ. ಸೋಮವಾರದಿಂದ. ಈಗಲೇ ಹೂಂ ಅನ್ನಬೇಕು ಅಂದಿದ್ದರು, ಅಂದುಬಿಟ್ಟಿದ್ದಳು.

"ಮನೆ ಆಯ್ತಲ್ಲೇ," ಅಂದೆ. "ಇನ್ನೂ ಯಾಕೆ?"

ಅವಳು ಎಲೆ ಮಡಿಸುತ್ತಾ ಮೆಲ್ಲಗೆ ಹೇಳಿದಳು. "ಮನೆಗೋಸ್ಕರ ಮಾಡ್ತಿದೀನಿ ಅಂತ್ಲೇ ನಾನೂ ಅನ್ಕೊಂಡಿದ್ದೆ ಕಣಜ್ಜಿ. ಅಂಗಳದಲ್ಲಿ ನಿಂತು ಬೇಡ ಅನ್ನೋಕೆ ಬಾಯಿ ತೆಗೆದೆ. ನಾಳೆಯಿಂದ ಯಾರೂ ಫೋನ್ ಮಾಡಲ್ಲ ಅಂತ ನೆನೆಸ್ಕೊಂಡು ಆದ ಭಯ ಬಿ.ಪಿ. ಬಂದಾಗ್ಲೂ ಆಗಿರ್ಲಿಲ್ಲ."

ನಾನು ಬೈಯಲಿಲ್ಲ. ಈ ಮನೆ ಕಟ್ಟಿ ಮುಗಿದ ಮೇಲೂ ನಾನು ಹಾಸ್ಟೆಲಿನ ಒಲೆ ಬಿಟ್ಟಿರಲಿಲ್ಲ. ಬಿಡು ಅಂತ ಅವರೇ ಹೇಳುವ ತನಕ ನಿಂತಿದ್ದೆ. ಯಾಕೆ ಅಂತ ಯಾರೂ ನನ್ನನ್ನು ಕೇಳಿರಲಿಲ್ಲ, ಕೇಳಿದ್ದರೆ ಇವಳಷ್ಟು ನೆಟ್ಟಗೆ ಹೇಳಲು ನನಗೆ ಬರುತ್ತಿರಲಿಲ್ಲ.

ಸೂಟ್‌ಕೇಸು ಒಯ್ದಳು, ಕುರ್ಚಿ ಬಿಟ್ಟಳು. ಅಲ್ಲಿ ಕಂಪನಿಯೇ ಕೊಡುತ್ತದಂತೆ. ಮಹಡಿಗೆ ಈಗ ಬ್ಯಾಂಕಿನ ಹುಡುಗಿಯೊಬ್ಬಳು ಬಂದಿದ್ದಾಳೆ, ಬೇಗ ಮಲಗುತ್ತಾಳೆ, ಮೇಲೆ ಏನೂ ಸದ್ದಿಲ್ಲ. ಆ ಕುರ್ಚಿಯನ್ನು ಕೆಳಗೆ ಇಳಿಸಿಕೊಂಡೆ. ಸ್ಟೂಲಿಗಿಂತ ನನ್ನ ಮಂಡಿಗೆ ಅದು ಒಳ್ಳೆಯದು. ಅದರ ಮೇಲೆ ಕೂತು ಊಟ ಮಾಡುತ್ತೇನೆ. ಎಪ್ಪತ್ತು ದಾಟಿದ ಮೇಲೆ ಕೂತು ಉಣ್ಣುವುದನ್ನು ನನಗೆ ಕಲಿಸಿದವಳು, ತಾನು ಕಲಿಯದೇ ಹೋದಳು.

ಮಧ್ಯಾಹ್ನ ಬಿಡುವಾದ ದಿನ ಫೋನು ಮಾಡುತ್ತಾಳೆ, ಮುಖ ಕಾಣುವ ಫೋನು. ಅವಳು ಅಲ್ಲಿ ಡಬ್ಬಿ ಬಿಚ್ಚುತ್ತಾಳೆ, ನಾನು ಇಲ್ಲಿ ತಟ್ಟೆ ಇಟ್ಟುಕೊಳ್ಳುತ್ತೇನೆ. ಮಾತ್ರೆ ನುಂಗಿದೆಯಾ ಅಂದರೆ ಹೂಂ ಅನ್ನುತ್ತಾಳೆ. ಕಣ್ಣು ಹತ್ತಿರ ತಾ ಅಂದರೆ ತರುವುದಿಲ್ಲ. ಯಾವುದಾದರೂ ಒಂದು ತುತ್ತಿನಲ್ಲಿ ಇನ್ನೊಂದು ಫೋನು ಬರುತ್ತದೆ, ಒಂದೇ ನಿಮಿಷ ಅಜ್ಜಿ ಅಂತ ಎದ್ದು ಹೋಗುತ್ತಾ ಫೋನನ್ನು ಮೇಜಿನ ಮೇಲೆ ಮಲಗಿಸುತ್ತಾಳೆ. ಆಮೇಲೆ ನನಗೆ ಕಾಣುವುದು ಅವಳ ಆಫೀಸಿನ ಸೂರು, ಒಂದು ದೀಪ.

ನಾನು ಉಂಡು ಮುಗಿಸಿರುತ್ತೇನೆ. ಬಚ್ಚಲು ಹತ್ತಿರದಲ್ಲೇ ಇದೆ. ಅವಳಿನ್ನೂ ಉಣ್ಣುವುದು ಬಾಕಿ ಇರುತ್ತದೆ. ಕೈ ಒಣಗಿದರೆ ಒಣಗಲಿ ಅಂತ ಆ ಸೂರು ನೋಡುತ್ತಾ ಕೂತಿರುತ್ತೇನೆ.